‘ಬೈ’ ಎಂಬ ಪುಟ್ಟ ಪದ



ಸ್ಟುಡಿಯೋದಲ್ಲಿ ಚಿತ್ರೀಕರಣ ಆರಂಭವಾಗುವ ಮುನ್ನ ಫ್ಲೋರ್ ಮ್ಯಾನೇಜರ್ ಗಟ್ಟಿಯಾಗಿ ‘ಸ್ಟ್ಯಾಂಡ್ ಬೈ’ ಎನ್ನುತ್ತಾರೆ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸಿದ್ಧರಾಗುತ್ತಾರೆ. ಹೋಟೆಲಿಗೆ ಹೋದರೆ ನಾವು ‘ಒನ್ ಬೈ ಟು ಕಾಫಿ’ ಕೇಳುತ್ತೇವೆ. ನಿವೇಶನವನ್ನು ‘ತರ್ಟಿ ಬೈ ಫಾರ್ಟಿ’ ಎಂದು ಅಳೆಯುತ್ತೇವೆ. ಊರನ್ನು ಬಳಸಿಕೊಂಡು ಹೋಗುವ ರಸ್ತೆ ನಮಗೆ ಬೈಪಾಸ್. ಹೀಗೆ ‘ಬೈ’ ನಮ್ಮ ನಾಲಿಗೆಗೆ ಹೊಸದೇನಲ್ಲ. ಆದರೂ ಇಂಗ್ಲಿಷ್ ಬರೆಯಲು ಕುಳಿತಾಗ ಇದೇ ಪದ ನಮ್ಮನ್ನು ಎಡವಿಸುತ್ತದೆ.

ನಾನೇ ಎಡವಿದ್ದೇನೆ. ಬಿ.ಎಸ್ಸಿ. ಓದುತ್ತಿದ್ದಾಗ ಒಂದು ವಿದ್ಯಾರ್ಥಿವೇತನದ ಪ್ರಕಟಣೆ ನೋಡಿದೆ. ‘ದಿ ಅಪ್ಲಿಕೇಷನ್ ಶುಡ್ ರೀಚ್ ದಿಸ್ ಆಫೀಸ್ ಬೈ ದಿ ಫಿಫ್ಟೀನ್ತ್’ ಎಂದಿತ್ತು. ‘ಬೈ’ ಎಂದರೆ ಹತ್ತಿರ ಎಂದು ಶಾಲೆಯಲ್ಲಿ ಕಲಿತಿದ್ದೆ. ಹಾಗಾದರೆ 15ರ ಆಸುಪಾಸಿನಲ್ಲಿ ತಲುಪಿದರೆ ಸಾಕು ಎಂದುಕೊಂಡು 14ರ ಸಂಜೆ ಅಂಚೆಗೆ ಹಾಕಿದೆ. ಅರ್ಜಿ ತಲುಪಿದ್ದು 17ಕ್ಕೆ. ಅದು ಹಾಗೆಯೇ ಹಿಂತಿರುಗಿ ಬಂತು. ಆ ವರ್ಷದ ಶುಲ್ಕಕ್ಕೆ ಅಪ್ಪ ಸಾಲ ಮಾಡಬೇಕಾಯಿತು. ತಪ್ಪು ಕಚೇರಿಯದಲ್ಲ, ನನ್ನದೇ.

ಇಂಥ ತಪ್ಪು ಏಕೆ ಆಗುತ್ತದೆ? ಕನ್ನಡದಲ್ಲಿ ಈ ಕೆಲಸವನ್ನು ನಾಮಪದದ ಕೊನೆಗೆ ಬರುವ ವಿಭಕ್ತಿ ಪ್ರತ್ಯಯಗಳು ಮತ್ತು ‘ಒಳಗೆ’, ‘ವರೆಗೆ’, ‘ಪಕ್ಕ’ ಮೊದಲಾದ ಪದಗಳು ಮಾಡುತ್ತವೆ. ಇಂಗ್ಲಿಷಿನಲ್ಲಿ ಅದನ್ನು ಮಾಡುವ ಪದ ನಾಮಪದಕ್ಕೆ ಮೊದಲು ಬರುತ್ತದೆ. ಒಂದಕ್ಕೆ ಒಂದರಂತೆ ಇವೆರಡನ್ನೂ ಜೋಡಿಸಲು ಸಾಧ್ಯವಿಲ್ಲ. ಆದ್ದರಿಂದ ‘ಬೈ’ ಎಂದರೇನು ಎಂದು ಕೇಳಬೇಡಿ. ಈ ವಾಕ್ಯದಲ್ಲಿ ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂದು ಕೇಳಿ. ಮುಖ್ಯವಾದ ಪ್ರಶ್ನೆಗಳು ಐದು.

ಮೊದಲನೆಯದು, ಎಲ್ಲಿ? ಇದು ‘ಬೈ’ ಪದದ ಹಳೆಯ ಅರ್ಥ: ಪಕ್ಕದಲ್ಲಿ. ಹಂಪಿ ತುಂಗಭದ್ರೆಯ ದಡದಲ್ಲೇ ಇದೆ, ಆದ್ದರಿಂದ ‘ಬೈ ದಿ ರಿವರ್’. ಹೊಸಪೇಟೆ ಹಂಪಿಗೆ ಹತ್ತಿರದ ಊರು, ಆದರೆ ಅಂಟಿಕೊಂಡಿಲ್ಲ; ಅಲ್ಲಿ ‘ನಿಯರ್ ಹಂಪಿ’ ಎನ್ನಬೇಕು.

ಎರಡನೆಯದು, ಯಾವಾಗಿನೊಳಗೆ? ನಾನು ಸೋತದ್ದು ಇಲ್ಲಿಯೇ. ಕಾಲದ ಜೊತೆ ಬಂದಾಗ ‘ಬೈ’ ಎಂದರೆ ಆಸುಪಾಸಿನಲ್ಲಿ ಎಂದಲ್ಲ, ಅದಕ್ಕಿಂತ ತಡವಾಗದಂತೆ ಎಂದು. ‘ಬೈ ದಿ ಫಿಫ್ಟೀನ್ತ್’ ಎಂದರೆ 15 ಮುಗಿಯುವುದರೊಳಗೆ. ಒಮ್ಮೆ ಆಗಿ ಮುಗಿಯುವ ಕೆಲಸಕ್ಕೆ ‘ಬೈ’. ಅಲ್ಲಿಯ ತನಕ ನಡೆಯುತ್ತಲೇ ಇರುವುದಕ್ಕೆ ‘ಅಂಟಿಲ್’. ಐದು ಗಂಟೆಯೊಳಗೆ ಪುಸ್ತಕ ಹಿಂತಿರುಗಿಸಿ ಎಂದರೆ ‘ಬೈ ಫೈವ್’. ಗ್ರಂಥಾಲಯ ಐದರವರೆಗೆ ತೆರೆದಿರುತ್ತದೆ ಎಂದರೆ ‘ಅಂಟಿಲ್ ಫೈವ್’. ನಮ್ಮ ‘ಒಳಗೆ’ ಮತ್ತು ‘ವರೆಗೆ’ ಈ ಭೇದವನ್ನು ಚೆನ್ನಾಗಿಯೇ ತೋರಿಸುತ್ತವೆ. ಆದರೆ ಒಂದು ಎಚ್ಚರಿಕೆ. ‘ಎರಡು ಗಂಟೆಯೊಳಗೆ ಬಾ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಗಡಿಯಾರದ ಎರಡು ಗಂಟೆಯಾದರೆ ‘ಬೈ ಟೂ ಓ ಕ್ಲಾಕ್’. ಈಗಿನಿಂದ ಎರಡು ತಾಸಾದರೆ ‘ವಿದಿನ್ ಟೂ ಅವರ್ಸ್’.

ಮೂರನೆಯದು, ಯಾರಿಂದ? ‘ಕಳ್ಳನಿಂದ ಬೀಗ ಒಡೆಯಲ್ಪಟ್ಟಿತು’, ‘ಬೀಗವನ್ನು ಕಲ್ಲಿನಿಂದ ಒಡೆದರು’ – ಎರಡರಲ್ಲೂ ತೃತೀಯಾ ವಿಭಕ್ತಿಯ ‘ಇಂದ’ ಬಂದಿದೆ. ಇಂಗ್ಲಿಷ್ ಹೀಗೆ ಒಂದೇ ಪದದಿಂದ ಸುಧಾರಿಸುವುದಿಲ್ಲ. ಕೆಲಸ ಮಾಡಿದವನಿಗೆ ‘ಬೈ’, ಕೈಯಲ್ಲಿದ್ದ ಉಪಕರಣಕ್ಕೆ ‘ವಿತ್’: ‘ದಿ ಲಾಕ್ ವಾಸ್ ಬ್ರೋಕನ್ ಬೈ ದಿ ಥೀಫ್ ವಿತ್ ಎ ಸ್ಟೋನ್’. ‘ಐ ರೈಟ್ ಬೈ ಪೆನ್’ ಎಂದು ಬರೆಯುವ ಬದಲು ‘ವಿತ್ ಎ ಪೆನ್’ ಎಂದು ಬರೆಯಿರಿ.

ನಾಲ್ಕನೆಯದು, ಹೇಗೆ? ‘ಬೈ ಬಸ್’, ‘ಬೈ ಟ್ರೈನ್’, ‘ಬೈ ಪೋಸ್ಟ್’. ಇಲ್ಲಿ ಪ್ರಯಾಣದ ಬಗೆ ಮುಖ್ಯ, ನಿರ್ದಿಷ್ಟ ವಾಹನವಲ್ಲ. ಆದ್ದರಿಂದ ನಡುವೆ ‘ಎ’, ‘ಮೈ’ ಇಂಥ ಪದಗಳು ಬರುವುದಿಲ್ಲ. ನನ್ನ ಕಾರಿನಲ್ಲಿ ಎನ್ನಬೇಕಾದರೆ ‘ಇನ್ ಮೈ ಕಾರ್’. ನಡೆದು ಬಂದೆ ಎನ್ನಲು ಅನೇಕರು ‘ಬೈ ವಾಕ್’ ಎನ್ನುತ್ತಾರೆ; ಸರಿಯಾದದ್ದು ‘ಆನ್ ಫುಟ್’.

ಐದನೆಯದು, ಎಷ್ಟು? ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ವಿಶೇಷ ಗಮನ ಕೊಡಬೇಕು. ಬೀಕರಿನಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ನೀರಿದೆ ಎನ್ನೋಣ. ಉಷ್ಣಾಂಶ ‘ಬೈ ಫಾರ್ಟಿ ಡಿಗ್ರೀಸ್’ ಏರಿತು ಎಂದರೆ 40 ಡಿಗ್ರಿಯಷ್ಟು ಏರಿತು. ಈಗ ನೀರು 65 ಡಿಗ್ರಿ. ‘ಟು ಫಾರ್ಟಿ ಡಿಗ್ರೀಸ್’ ಎಂದರೆ 40 ಡಿಗ್ರಿಗೆ ಏರಿತು. ಏರಿದ್ದು 15 ಡಿಗ್ರಿ ಮಾತ್ರ. ಒಂದು ಪುಟ್ಟ ಪದ ತಪ್ಪಿದರೆ ಇಡೀ ಪ್ರಯೋಗದ ಫಲಿತಾಂಶವೇ ತಪ್ಪಿತು! ಬೆಲೆ, ಸಂಬಳ, ಅಂಕಗಳ ಏರಿಳಿತಕ್ಕೂ ಇದೇ ನಿಯಮ: ‘ಅಷ್ಟು’ ಎನ್ನುವಲ್ಲಿ ‘ಬೈ’, ‘ಕ್ಕೆ’ ಅಥವಾ ‘ಗೆ’ ಎನ್ನುವಲ್ಲಿ ‘ಟು’. ಗಣಿತದ ಪಾಠದಲ್ಲೂ ಅಷ್ಟೆ. 12ನ್ನು ‘ಬೈ ಫೋರ್’ ಭಾಗಿಸಿದರೆ 3, ಗುಣಿಸಿದರೆ 48. ಭಾಗಿಸುವುದೋ ಗುಣಿಸುವುದೋ ಎಂಬುದನ್ನು ಕ್ರಿಯಾಪದ ಹೇಳುತ್ತದೆ. ಎಷ್ಟರಿಂದ ಎಂಬುದನ್ನಷ್ಟೇ ‘ಬೈ’ ಹೇಳುತ್ತದೆ. ಒಂದು ಕಾಫಿ ಇಬ್ಬರಿಗೆ ಹಂಚಿಹೋಗುವ ‘ಬೈ’ಯೇ 30 ಮತ್ತು 40 ಅಡಿಗಳ ನಡುವೆ ನಿಂತಾಗ 1200 ಚದರ ಅಡಿ ಕೊಡುವುದನ್ನು ನೆನೆದರೆ ಇದು ಮನಸ್ಸಿನಲ್ಲಿ ಉಳಿಯುತ್ತದೆ.

ಈಗ ನಿಮಗೊಂದು ಕೆಲಸ. ಇಂದಿನ ಇಂಗ್ಲಿಷ್ ಪತ್ರಿಕೆಯ ಒಂದು ಪುಟ ತೆಗೆದುಕೊಳ್ಳಿ. ‘ಬೈ’ ಬಂದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಎಲ್ಲಿ, ಯಾವಾಗಿನೊಳಗೆ, ಯಾರಿಂದ, ಹೇಗೆ, ಎಷ್ಟು – ಯಾವ ಪ್ರಶ್ನೆಗೆ ಅದು ಉತ್ತರ ಎಂದು ಪಕ್ಕದಲ್ಲಿ ಬರೆಯಿರಿ. ಈ ಐದರಲ್ಲಿ ಯಾವುದಕ್ಕೂ ಹೊಂದದ ಬಳಕೆ ಸಿಕ್ಕರೆ ಅದನ್ನು ಬೇರೆಯಾಗಿ ಗುರುತು ಮಾಡಿಕೊಂಡು ನಿಮ್ಮ ಅಧ್ಯಾಪಕರನ್ನು ಕೇಳಿ. ಒಂದು ವಾರ ಹೀಗೆ ಮಾಡಿದರೆ ನಿಯಮಗಳನ್ನು ಬೈಹಾರ್ಟ್ ಮಾಡುವ ಅಗತ್ಯವೇ ಬೀಳದು. ಅಂದ ಹಾಗೆ, ಇಂಗ್ಲಿಷಿನಲ್ಲಿ ‘ಐ ಬೈಹಾರ್ಟೆಡ್’ ಎಂದು ಬರೆಯಬೇಡಿ. ಅಲ್ಲಿ ಅದು ‘ಲರ್ನ್ ಬೈ ಹಾರ್ಟ್’.

ಮುಂದೆ ಯಾವುದಾದರೂ ಅರ್ಜಿಯಲ್ಲಿ ‘ಬೈ’ ಎಂಬ ಪದದ ಮುಂದೆ ದಿನಾಂಕ ಕಂಡರೆ ಅಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೂರು ದಿನ ಮೊದಲೇ ಕಳುಹಿಸಿಬಿಡಿ.