ದೊಡ್ಡ ಸೈಟುಗಳ ನಡುವೆ ನಿಮ್ಮ ಪುಟ್ಟ ಸೈಟು

ಅಡುಗೆ, ಹಬ್ಬ, ಊರಿನ ವಿಚಾರ ಬರೆದಿಡಲು ಸ್ವಂತ ವೆಬ್‌ಸೈಟ್ ಮಾಡಿಕೊಂಡ ಗೃಹಿಣಿಯರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ನೀವೂ ಅವರಲ್ಲೊಬ್ಬರಾದರೆ, ‘ಅಷ್ಟು ದೊಡ್ಡ ದೊಡ್ಡ ಸೈಟುಗಳಿರುವಾಗ ನನ್ನದನ್ನು ಯಾರು ನೋಡ್ತಾರೆ?’ ಎಂಬ ಅಳುಕು ಒಂದಲ್ಲ ಒಂದು ದಿನ ಬಂದೇ ಇರುತ್ತದೆ.

ಬೆಂಗಳೂರು ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ತೆಗೆದುಕೊಳ್ಳಿ. ಅದು ಕಾರ್ತಿಕದ ಕಡೆಯ ಸೋಮವಾರ. 2023ರಲ್ಲಿ ಡಿಸೆಂಬರ್ 11ಕ್ಕೆ ಬಂತು, 2024ರಲ್ಲಿ ನವೆಂಬರ್ 25ಕ್ಕೆ. 2025ರಲ್ಲಂತೂ ನವೆಂಬರ್ 17ಕ್ಕೇ ಬಂದುಬಿಟ್ಟಿತು. ನೂರಾರು ಊರುಗಳ ವಿವರ ತುಂಬಿಟ್ಟವರಿಗೆ ವರ್ಷವರ್ಷವೂ ಪಂಚಾಂಗ ತಿರುವಿ ತಿದ್ದುವ ಪುರಸೊತ್ತು ಎಲ್ಲಿ? ‘ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ’ ಎಂದು ಬರೆದು ಕೈತೊಳೆದುಕೊಳ್ಳುವುದುಂಟು. ಚಿಂತಾಮಣಿಯಿಂದ ಮಕ್ಕಳನ್ನು ಕರಕೊಂಡು ಹೊರಟ ತಾಯಿಗೆ ಅಷ್ಟು ಸಾಕೇ? ಬುಲ್ ಟೆಂಪಲ್ ರಸ್ತೆಯಲ್ಲಿ ಬಸ್ಸು ಬಿಡ್ತಾರಾ, ದೊಡ್ಡ ಬಸವಣ್ಣನ ದರ್ಶನಕ್ಕೆ ಎಷ್ಟು ಹೊತ್ತಿಗೆ ಹೋದರೆ ನೂಕುನುಗ್ಗಲು ಕಡಿಮೆ, ಹುರಿದ ಕಾಯಿ ಸೇರಿಗೆಷ್ಟು, ಹಸಿಯದು ಎಷ್ಟು? ಇದನ್ನೆಲ್ಲ ಹೇಳಬಲ್ಲವರು ಗಾಂಧಿ ಬಜಾರಿಗೆ ದಿನಾ ತರಕಾರಿ ತರಲು ಹೋಗುವಾಕೆ.

ನಿಮ್ಮೂರಿನ ಜಾತ್ರೆಗೆ ಆ ಹೆಂಗಸು ನೀವೇ! ದೇಶದ ದೇವಸ್ಥಾನಗಳನ್ನೆಲ್ಲ ಪಟ್ಟಿ ಮಾಡಲು ಹೋಗಬೇಡಿ. ಆ ಹುಚ್ಚು ದೊಡ್ಡವರಿಗಿರಲಿ. ತಲೆಬರಹ ಜನ ಕೇಳುವ ಹಾಗೇ ಇರಲಿ: ‘ಈ ಸಲ ಜಾತ್ರೆ ಯಾವತ್ತು?’ ಕೆಳಗೆ ತಿದ್ದಿದ ತಾರೀಖು ಹಾಕಿ. ಚಿತ್ರ ನೀವೇ ತೆಗೆದದ್ದಿರಲಿ.

ಕನ್ನಡದವರು ಎಡವುವ ಜಾಗ ಇನ್ನೊಂದಿದೆ. ನುಡಿ, ಬರಹಗಳ ಹಳೇ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೇ ಸೈಟಿಗೆ ಹಾಕಿದರೆ, ಆ ಫಾಂಟಿಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಗೀಟುಗಳಷ್ಟೇ ಕಾಣುತ್ತವೆ. ಕನ್ನಡದಲ್ಲಿ ಹುಡುಕಿದವರಿಗೂ ಅದು ಸಿಗುವುದಿಲ್ಲ. ಯೂನಿಕೋಡ್‌ಗೆ ಬದಲಾಯಿಸಿಯೇ ಹಾಕಿ. ಬರಹವನ್ನು ಫೋಟೋ ಹೊಡೆದು ಅಂಟಿಸುವುದೂ ಬೇಡ.

ಇಷ್ಟಾದರೂ ದುಡ್ಡಿನ ವಿಷಯದಲ್ಲಿ ಆಸೆ ಮಿತವಾಗಿರಲಿ. ಈಗ ಗೂಗಲ್ ಎಷ್ಟೋ ಪ್ರಶ್ನೆಗಳಿಗೆ ಮೇಲ್ಗಡೆ ತಾನೇ ಉತ್ತರ ಬರೆದು ಕೊಡುತ್ತದೆ. ಓದಿದವರು ಸೈಟಿನೊಳಕ್ಕೆ ಬಾರದೆ ಹೊರಟೇಬಿಡುತ್ತಾರೆ. ಜಾಹೀರಾತಿನ ಹಣ ನೆಚ್ಚಿ ಕೈಲಿರುವ ಹೊಲಿಗೆಯನ್ನೋ ಟ್ಯೂಷನ್ನನ್ನೋ ಬಿಡಬೇಡಿ. ಚಟ್ನಿಪುಡಿ, ಹಪ್ಪಳ ಮಾರುವವರಾದರೆ ಮಾತು ಬೇರೆ: ಜಾತ್ರೆಯ ತಾರೀಖು ನೋಡಲು ಬಂದ ಹತ್ತು ಜನರಲ್ಲಿ ಇಬ್ಬರು ಕೊಂಡರೂ ಲಾಭವೇ.

ಸೈಟಿನ ಹೆಸರನ್ನು ನಿಮ್ಮ ಹೆಸರಲ್ಲೇ ನೋಂದಾಯಿಸಿ. ಮಾಡಿಕೊಟ್ಟ ಹುಡುಗನ ಹೆಸರಲ್ಲಿದ್ದರೆ, ಅವನು ಊರು ಬಿಟ್ಟ ದಿನ ನಿಮಗೆ ತಾಪತ್ರಯ. ನವೀಕರಣದ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.