ಕೌದಿಯ ಒಳಗೆ ಏನಿದೆ?

ಮಗಳು ಚೊಚ್ಚಲ ಬಸುರಿ ಎಂಬ ಸುದ್ದಿ ಬಂದೊಡನೆ ಉತ್ತರ ಕರ್ನಾಟಕದ ಹಳ್ಳಿಮನೆಗಳಲ್ಲಿ ಹಳೆಯ ಸೀರೆಗಳ ಗಂಟು ಕೆಳಗಿಳಿಯುತ್ತಿತ್ತು. ಬಾಣಂತನ ಮುಗಿಸಿಕೊಂಡು ಮಗಳು ಕೂಸಿನೊಂದಿಗೆ ಗಂಡನ ಮನೆಗೆ ಹಿಂದಿರುಗುವಾಗ ತೊಟ್ಟಿಲು, ಕುಲಾವಿ, ಕುಂಚಿಗೆಗಳ ಜತೆಗೆ ಒಂದೆರಡು ಪುಟ್ಟ ಕೌದಿಗಳೂ ಇರಲೇಬೇಕು. ಅಂಗಡಿಯಿಂದ ತಂದ ರಗ್ಗು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ.

"ಹೊಸಾ ಅರಿವಿ ತಂದು ಹೊಲದ್ರ ಚಂದ ಕಾಣತೈತಲ್ಲಬೇ ಅಜ್ಜಿ?" ಎಂದು ಮೊಮ್ಮಗಳು ಕೇಳಿದರೆ ಅಜ್ಜಿಯ ಉತ್ತರ ಸಿದ್ಧವಾಗಿರುತ್ತಿತ್ತು: "ಹೊಸಾದು ಕೂಸಿನ ಮೈಗೆ ಒತ್ತತೈತವಾ. ಹಳೇದ ಮೆತ್ತಗ."

ಈ ಉತ್ತರದಲ್ಲಿ ಮಮತೆ ಎಷ್ಟಿದೆಯೋ ವಿಜ್ಞಾನವೂ ಅಷ್ಟೇ ಇದೆ. ಹೊಸ ಬಟ್ಟೆಯ ನೂಲಿಗೆ ಗಂಜಿ ಹಿಡಿದಿರುತ್ತದೆ. ಬಟ್ಟೆ ಬಿರುಸಾಗಿರುತ್ತದೆ, ನೀರನ್ನು ಬೇಗ ಹೀರುವುದಿಲ್ಲ. ನೂರಾರು ಸಲ ಒಗೆದ ಹತ್ತಿಯ ಸೀರೆಯಲ್ಲಿ ಗಂಜಿಯ ಗುರುತೂ ಉಳಿದಿರುವುದಿಲ್ಲ. ಎಳೆಗಳ ತುದಿ ಬಿಚ್ಚಿಕೊಂಡು ಬಟ್ಟೆಯ ಮೇಲೆ ಸಣ್ಣ ನವಿರು ಎದ್ದಿರುತ್ತದೆ. ಕೂಸಿನ ಬೆವರನ್ನೂ, ಕೂಸು ಮಾಡುವ ಇನ್ನಿತರ ಒದ್ದೆಯನ್ನೂ ಹೀರಿಕೊಳ್ಳಲು ಅದಕ್ಕಿಂತ ಉತ್ತಮವಾದ ಬಟ್ಟೆ ಸುಲಭವಾಗಿ ಸಿಗದು. ಹಾಗಾಗಿ ಕೌದಿಯನ್ನು ಬರೀ ಬಡತನದ ವಸ್ತು ಎಂದು ಹೇಳುವುದು ಅರ್ಧ ಸತ್ಯ ಮಾತ್ರ.

ಕೌದಿ ಬಿಸಿ ಕೊಡುವುದೇ?

ಯಾವುದೇ ತರಗತಿಯಲ್ಲಿ ಕೇಳಿ ನೋಡಿ, "ಕೌದಿ ಹೊದ್ದರೆ ಮೈ ಬೆಚ್ಚಗಾಗುವುದೇಕೆ?" ಎಂದರೆ ಹೆಚ್ಚಿನ ಮಕ್ಕಳು "ಕೌದಿ ಬಿಸಿ ಕೊಡುತ್ತದೆ" ಎನ್ನುತ್ತಾರೆ. ಅವರ ತಂದೆ ತಾಯಿಗಳೂ ಹಾಗೆಯೇ ಹೇಳಿದರೆ ಅಚ್ಚರಿಯಿಲ್ಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಮಂಜುಗಡ್ಡೆಗಳನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ಬಾಯಿ ಕಟ್ಟಿ. ಒಂದನ್ನು ತಟ್ಟೆಯಲ್ಲಿ ಬಿಡಿ, ಇನ್ನೊಂದನ್ನು ಕೌದಿಯಲ್ಲಿ ಸುತ್ತಿಡಿ. ಕೌದಿ ಬಿಸಿ ಕೊಡುವುದೇ ನಿಜವಾದರೆ ಸುತ್ತಿಟ್ಟ ಗಡ್ಡೆ ಮೊದಲು ಕರಗಬೇಕು. ಆಗುವುದು ಅದಕ್ಕೆ ವಿರುದ್ಧ! ಐಸ್ ಮಾರುವವರು ಗಡ್ಡೆಯ ಮೇಲೆ ಮರದ ಹೊಟ್ಟು ಸುರಿದು ಗೋಣಿತಾಟು ಹೊದಿಸುವುದೂ ಇದೇ ಕಾರಣಕ್ಕೆ.

ಕೌದಿ ಶಾಖವನ್ನು ಹುಟ್ಟಿಸುವುದಿಲ್ಲ, ಅದರ ಓಡಾಟವನ್ನು ತಡೆಯುತ್ತದೆ. ನಮ್ಮ ಮೈ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಚಳಿಗಾಲದ ರಾತ್ರಿ ಕೋಣೆ 15 ಡಿಗ್ರಿಗೆ ಇಳಿದಾಗ ಶಾಖ ಮೈಯಿಂದ ಹೊರಕ್ಕೆ ಹರಿಯುತ್ತದೆ. ಅದಕ್ಕೆ ಅಡ್ಡ ನಿಲ್ಲುವುದು ಬಟ್ಟೆಗಿಂತ ಹೆಚ್ಚಾಗಿ, ಬಟ್ಟೆಯ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಅತಿ ನಿಧಾನವಾಗಿ ದಾಟಿಸುತ್ತದೆ. ನೀರು ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ದಾಟಿಸುತ್ತದೆ. ಕೌದಿ ಒದ್ದೆಯಾದರೆ ಮೈ ಕೊರೆಯುವುದೂ, ಅದನ್ನು ಆಗಾಗ್ಗೆ ಬಿಸಿಲಿಗೆ ಹಾಕಬೇಕೆಂದು ಮನೆಯ ಹಿರಿಯರು ಒತ್ತಾಯಿಸುವುದೂ ಇದರಿಂದಲೇ. ಒಂದು ದಪ್ಪ ಬಟ್ಟೆಗಿಂತ ಆರು ತೆಳು ಬಟ್ಟೆಗಳು ಲೇಸು ಎಂಬುದು ಭೌತಶಾಸ್ತ್ರದ ಪುಸ್ತಕ ಮುಟ್ಟದ ಹೆಂಗಸರಿಗೂ ಗೊತ್ತಿತ್ತು.

ಹೊಲಿಗೆಯ ಲೆಕ್ಕ

ಕೌದಿಯ ರಚನೆ ಸರಳ. ಕೆಳಗೆ ಗಟ್ಟಿಯಾದ ಒಂದು ಹಳೆಯ ಸೀರೆ ಅಥವಾ ಧೋತರ, ನಡುವೆ ಸವೆದ ಬಟ್ಟೆಗಳ ಪದರಗಳು, ಮೇಲೆ ಬಣ್ಣಬಣ್ಣದ ತುಂಡುಗಳು. ಇಳಕಲ್ ಸೀರೆಯ ಅಂಚು ಸಿಕ್ಕರಂತೂ ಅದು ಮೇಲ್ಗಡೆಯೇ ಬರಬೇಕು. ಇಷ್ಟನ್ನೂ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅಂಚಿನಿಂದ ಆರಂಭಿಸಿ ಸುತ್ತು ಹಾಕುತ್ತಾ ನಡುವಿನ ಕಡೆಗೆ ಹೊಲಿಯುತ್ತಾ ಬರುತ್ತಾರೆ. ಸೂಜಿ ಮೇಲೆ ಕೆಳಗೆ ಆಡುತ್ತಾ ಹೋಗುವ ಸಾದಾ ಹೊಲಿಗೆ ಅದು. ಕಲಿಯಲು ಐದು ನಿಮಿಷ ಸಾಕು.

ಮುಗಿಸಲು ಎಷ್ಟು ಹೊತ್ತು? ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿ ಎಂದುಕೊಳ್ಳೋಣ. ಅದರ ವಿಸ್ತೀರ್ಣ 72 ಗುಣಿಸು 48, ಅಂದರೆ 3,456 ಚದರ ಅಂಗುಲ. ಅರ್ಧ ಅಂಗುಲಕ್ಕೊಂದು ಸಾಲು ಹಾಕಿದರೆ ಸಾಲುಗಳ ಒಟ್ಟು ಉದ್ದ 6,912 ಅಂಗುಲ, ಎಂದರೆ 576 ಅಡಿ. ಅಂಗುಲಕ್ಕೆ ಮೂರು ಹೊಲಿಗೆ ಹಿಡಿದರೂ ಇಪ್ಪತ್ತು ಸಾವಿರ ದಾಟುತ್ತದೆ. ಏಳೆಂಟು ಪದರ ಚುಚ್ಚಿ ಸೂಜಿ ಎಳೆಯುವ ಕೆಲಸದಲ್ಲಿ ನಿಮಿಷಕ್ಕೆ ಹತ್ತು ಹೊಲಿಗೆ ಎಂದು ಉದಾರವಾಗಿ ಲೆಕ್ಕ ಹಾಕಿದರೂ ಸುಮಾರು 35 ಗಂಟೆ. ಅಡುಗೆ, ದನಕರು, ಹೊಲದ ಕೆಲಸ ಮುಗಿಸಿ ಮಧ್ಯಾಹ್ನ ದಿನಕ್ಕೆರಡು ಗಂಟೆ ಕುಳಿತರೆ ಹದಿನೇಳು ಹದಿನೆಂಟು ದಿನ. ದಾರ ತುಂಡಾಗುವುದು, ಸೂಜಿ ಮುರಿಯುವುದು, ನೆರೆಯವರೊಂದಿಗೆ ಮಾತು, ಇವು ಲೆಕ್ಕಕ್ಕೆ ಸೇರಿಲ್ಲ.

ಸಾಲುಗಳ ಅಂತರದಲ್ಲೂ ಒಂದು ಹದವಿದೆ. ತೀರ ಒತ್ತೊತ್ತಾಗಿ ಹೊಲಿದರೆ ಪದರಗಳು ಚಪ್ಪಟೆಯಾಗಿ ಗಾಳಿಗೆ ಜಾಗವಿರುವುದಿಲ್ಲ, ಕೌದಿ ಹಲಗೆಯಂತಾಗುತ್ತದೆ. ತೀರ ದೂರ ಬಿಟ್ಟರೆ ಎರಡು ಸಲ ಒಗೆಯುವಷ್ಟರಲ್ಲಿ ಒಳಗಿನ ಬಟ್ಟೆ ಮುದ್ದೆಯಾಗಿ ಒಂದು ಮೂಲೆ ಸೇರುತ್ತದೆ. ಹದ ಗೊತ್ತಿರುವುದು ಬೆರಳಿಗೆ. ಇಂಥ ಬೆರಳುಗಳನ್ನೇ ನಂಬಿ, ಮನೆಯವರು ಕೊಟ್ಟ ಹಳೆಯ ಬಟ್ಟೆಯಲ್ಲಿ ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿದುಕೊಟ್ಟು ಮುಂದಿನ ಊರಿಗೆ ಸಾಗುತ್ತಿದ್ದ ಹೆಂಗಸರೂ ಇದ್ದರು.

ಕೈಯಾರೆ ಮಾಡಿದ ಉಡುಗೊರೆಗೆ ಬೆಲೆ ಕಟ್ಟುವುದರಲ್ಲಿ ದೊಡ್ಡವರೂ ಎಡವಿದ್ದುಂಟು. 1947ರ ನವೆಂಬರ್ 20ರಂದು ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಅವರ ಮದುವೆ ನಡೆಯಿತು. ಕೊಡಲು ತಮ್ಮಲ್ಲಿ ಏನೂ ಇಲ್ಲವೆಂದ ಗಾಂಧೀಜಿ, ಮೌಂಟ್‌ಬ್ಯಾಟನ್ ಅವರ ಸಲಹೆಯಂತೆ ತಾವೇ ನೂತ ಹತ್ತಿಯ ನೂಲಿನಿಂದ ಹೆಣೆಸಿದ ಲೇಸಿನ ಬಟ್ಟೆಯೊಂದನ್ನು ಕಳುಹಿಸಿದರು. ಅದರ ನಡುವೆ 'ಜೈ ಹಿಂದ್' ಎಂಬ ಅಕ್ಷರಗಳಿದ್ದವು. ವಧುವಿನ ಅಜ್ಜಿ ರಾಣಿ ಮೇರಿ ಅದನ್ನು ಗಾಂಧೀಜಿಯ ಕಚ್ಚೆಪಂಚೆಯೆಂದು ತಪ್ಪು ತಿಳಿದು ಮುಖ ಸಿಂಡರಿಸಿದರಂತೆ. ಆ ಮದುವೆಗೆ ಬಂದ ಉಡುಗೊರೆಗಳ ಸಂಖ್ಯೆ ಎರಡು ಸಾವಿರಕ್ಕೂ ಹೆಚ್ಚು. ಇಂದಿಗೂ ಜನ ನೆನೆಯುವವುಗಳಲ್ಲಿ ಈ ಬಟ್ಟೆಯೊಂದು.

ಕಾಡಿನ ಅಂಚಿನ ಕೌದಿ

ಕೌದಿಯ ಮಾತು ಬಂದಾಗ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರನ್ನು ಬಿಡುವಂತಿಲ್ಲ. ಇವರ ಪೂರ್ವಿಕರು ಪೂರ್ವ ಆಫ್ರಿಕದವರು. ಪೋರ್ಚುಗೀಸರೂ ಅರಬರೂ ಗುಲಾಮರನ್ನಾಗಿ ಹಡಗಿನಲ್ಲಿ ತಂದವರಲ್ಲಿ ಹಲವರು ಗೋವೆಯಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ಅವರ ಮನೆಗಳಿವೆ. ಹಿಂದೂ, ಕ್ರೈಸ್ತ, ಮುಸ್ಲಿಂ ಸಿದ್ದಿಗಳೆಲ್ಲರ ಮನೆಯಲ್ಲೂ ಅಜ್ಜಿಯಂದಿರು ಮೊಮ್ಮಕ್ಕಳಿಗೆಂದು ಕೌದಿ ಹೊಲಿಯುತ್ತಾರೆ.

ಅವರ ಕೌದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಇಟ್ಟು ಹೊಲಿದ ಹೂವಿನಂಥ ರಚನೆ ಇರುತ್ತದೆ. ಅದಕ್ಕೆ ಅವರು 'ಫುಲಾ' ಎನ್ನುತ್ತಾರೆ. ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಬೆಚ್ಚಗಿರಿಸುವ ಕೆಲಸಕ್ಕೆ ಈ ಫುಲಾದಿಂದ ಕಾಸಿನ ಉಪಯೋಗವಿಲ್ಲ! ಆದರೂ ಅದಕ್ಕೆ ಬೇಸರವಿಲ್ಲದೆ ಸಮಯ ಕೊಡುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿದರು. ಹೊಲಿಯುವ ಹೆಂಗಸರ ಸಹಕಾರಿ ಗುಂಪೊಂದು ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನವೂ ನಡೆಯಿತು. ತೊಟ್ಟಿಲಿಗೆಂದು ಹುಟ್ಟಿದ ವಸ್ತು ಹೀಗೆ ಗೋಡೆ ಏರಿತು. ದುಡಿದ ಕೈಗೆ ನಾಲ್ಕು ಕಾಸು ಬಂದರೆ ಸಂತೋಷವೇ.

ಒಂದೇ ಎಳೆಯ ಬಟ್ಟೆ

ಕೌದಿ ಉತ್ತರದ ಹಳ್ಳಿಯದಾದರೆ, ಪೇಟೆಯ ಮನೆಗಳಲ್ಲಿ ಅದೇ ಸ್ಥಾನ ಹೆಣಿಗೆ ಕಡ್ಡಿಗಳದ್ದು. ಕೂಸಿಗೆ ಟೋಪಿ, ಕಾಲುಚೀಲ, ತಂಗಿಯ ಗಂಡನಿಗೆ ಮಫ್ಲರ್, ಮಗನಿಗೆ ಸ್ವೆಟರ್: ಬಸ್ಸಿನಲ್ಲಿ ಕುಳಿತೂ ಹೆಣೆಯುವ ಅಧ್ಯಾಪಕಿಯರು ಒಂದು ಕಾಲದಲ್ಲಿ ಸಾಮಾನ್ಯ ದೃಶ್ಯ.

ನೇಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂಬ ಎರಡು ಬಗೆಯ ಎಳೆಗಳು ಒಂದನ್ನೊಂದು ದಾಟುತ್ತವೆ. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಅದು ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯಾಗಿ ಸಾಗುತ್ತದೆ. ಎಳೆದಾಗ ನೂಲು ಹಿಗ್ಗದಿದ್ದರೂ ಕುಣಿಕೆಯ ಆಕಾರ ಬದಲಾಗುತ್ತದೆ, ಬಟ್ಟೆ ಹಿಗ್ಗುತ್ತದೆ. ಭೂತಗನ್ನಡಿ ಇದ್ದರೆ ಅಪ್ಪನ ಬನಿಯನ್ನನ್ನೂ ಅಂಗಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬನಿಯನ್ ಯಂತ್ರದಲ್ಲಿ ಹೆಣೆದದ್ದು ಎಂಬುದು ತಾನೇ ತಿಳಿಯುತ್ತದೆ. ಕಡ್ಡಿಯ ನಂಬರಿನಲ್ಲಿ ಒಂದು ತಮಾಷೆಯಿದೆ: ನಮ್ಮ ಅಂಗಡಿಗಳಲ್ಲಿ ಸಿಗುವ ಹಳೆಯ ಬ್ರಿಟಿಷ್ ಕ್ರಮದಲ್ಲಿ ನಂಬರು ಏರಿದಂತೆ ಕಡ್ಡಿ ತೆಳುವಾಗುತ್ತದೆ. 8ನೇ ನಂಬರು 4 ಮಿಲಿಮೀಟರು, 10ನೇ ನಂಬರು ಮೂರೂಕಾಲು. ಹೊಸದಾಗಿ ಕಲಿಯುವವರು 8ನೇ ನಂಬರಿನಲ್ಲಿ ಒಂದು ಮಫ್ಲರ್ ಹೆಣೆಯಲಿ. ಸ್ವೆಟರಿನ ತೋಳಿಗೆ ಕೈ ಹಾಕಿ ಸೋತು ಕಡ್ಡಿಯನ್ನೇ ಅಟ್ಟಕ್ಕೆಸೆದವರು ಬಹಳ. ಹುಡುಗರೂ ಹೆಣೆಯಬಹುದು, ಕಡ್ಡಿಗೆ ಹುಡುಗ ಹುಡುಗಿ ಎಂಬ ಭೇದ ಗೊತ್ತಿಲ್ಲ.

ಒಂದೇ ಎಳೆಯಾದ್ದರಿಂದ ಹಳೆಯ ಸ್ವೆಟರನ್ನು ಬಿಚ್ಚಿ ಮತ್ತೆ ಹೆಣೆಯಬಹುದು. ಅಣ್ಣನಿಗೆ ಗಿಡ್ಡವಾದದ್ದು ತಮ್ಮನಿಗೆ ಹೊಸದಾಗುತ್ತದೆ. ಬಿಚ್ಚಿದ ಉಣ್ಣೆ ಸುರುಳಿ ಸುರುಳಿಯಾಗಿದ್ದರೆ ಒದ್ದೆ ಮಾಡಿ, ಸ್ವಲ್ಪ ಭಾರ ಕಟ್ಟಿ ನೇತುಹಾಕಿದರೆ ನೇರವಾಗುತ್ತದೆ. ಉಣ್ಣೆಯೂ ನಮ್ಮ ತಲೆಗೂದಲೂ ಕೆರಾಟಿನ್ ಎಂಬ ಪ್ರೋಟೀನಿನಿಂದಲೇ ಆದವು. ನೀರು ತಾಗಿದಾಗ ಅದರೊಳಗಿನ ಜಲಜನಕದ ಬಂಧಗಳು ಸಡಿಲವಾಗಿ, ಒಣಗಿದಾಗ ಹೊಸ ಜಾಗದಲ್ಲಿ ಕೂಡಿಕೊಳ್ಳುತ್ತವೆ. ತಲೆಸ್ನಾನ ಮಾಡಿ ಒದ್ದೆ ಕೂದಲನ್ನು ಜಡೆ ಹಾಕಿಕೊಂಡರೆ ಮರುದಿನ ಅಲೆಅಲೆಯಾಗುವುದೂ ಹೀಗೆಯೇ.

ಬದಲಾದದ್ದು ಸೀರೆ

ಕೌದಿ ಹೊಲಿಯುವವರು ಕಡಿಮೆಯಾದರೆಂದು ಹೊಸ ಪೀಳಿಗೆಯ ಹೆಣ್ಣುಮಕ್ಕಳನ್ನು ದೂರುವವರಿದ್ದಾರೆ. ದೂರು ಪೂರ್ತಿ ನ್ಯಾಯವಲ್ಲ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ನೈಲಾನ್, ಪಾಲಿಯೆಸ್ಟರ್ ಸೀರೆಗಳು ಹಳ್ಳಿ ಹೊಕ್ಕವು. ಒಗೆಯಲು ಸುಲಭ, ಬೇಗ ಒಣಗುತ್ತವೆ, ಹರಿಯುವುದಿಲ್ಲ. ಬೆನ್ನು ಬಗ್ಗಿಸಿ ಒಗೆಯುತ್ತಿದ್ದ ಹೆಂಗಸರಿಗೆ ಅದು ದೊಡ್ಡ ಬಿಡುಗಡೆ. ಆದರೆ ಆ ಸೀರೆ ಸವೆದು ಮೆತ್ತಗಾಗುವುದೇ ಇಲ್ಲ! ಹತ್ತಿ ತನ್ನ ತೂಕದ ಶೇಕಡ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿ ಹಿಡಿದಿಡಬಲ್ಲದು. ಪಾಲಿಯೆಸ್ಟರ್ ಅರ್ಧ ಪ್ರತಿಶತವನ್ನೂ ಹೀರದು. ಪದರಗಳು ಒಂದರ ಮೇಲೊಂದು ಜಾರುತ್ತವೆ, ಸೂಜಿಗೆ ಸಿಗುವುದಿಲ್ಲ, ಹೊದ್ದವರು ಬೆವರುತ್ತಾರೆ. ಕೌದಿ ಕಲೆಯ ಬೇರು ಸೀರೆಯ ಪೆಟ್ಟಿಗೆಯಲ್ಲಿತ್ತು, ಅಲ್ಲೇ ಒಣಗಿತು.

ಉಲ್ಲನ್ ಎಂದು ಅಂಗಡಿಯವರು ಕೊಡುವ ಉಂಡೆಯೂ ಬಹುಮಟ್ಟಿಗೆ ಅಕ್ರಿಲಿಕ್. ಯಾವುದು ಯಾವುದೆಂದು ತಿಳಿಯಲು ಹಿರಿಯರೊಬ್ಬರನ್ನು ಜತೆಗಿರಿಸಿಕೊಂಡು, ಪಕ್ಕದಲ್ಲಿ ನೀರಿಟ್ಟುಕೊಂಡು, ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬೇಕು. ಹತ್ತಿ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬೀರುತ್ತದೆ, ಬೆಂಕಿಯಿಂದ ತೆಗೆದರೆ ತಾನೇ ಆರುತ್ತದೆ. ಅಕ್ರಿಲಿಕ್, ಪಾಲಿಯೆಸ್ಟರುಗಳು ಕರಗಿ ಗಟ್ಟಿ ಮಣಿಯಾಗುತ್ತವೆ. ಇದು ಬರೀ ಆಟವಲ್ಲ. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ಮನೆಗಳಿವೆ. ಕಿಡಿ ಹಾರಿದರೆ ಕರಗುವ ಬಟ್ಟೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಹಾಗೆಯೇ, ಕೌದಿ ಎಷ್ಟೇ ಪ್ರೀತಿಯದಾದರೂ ಎಳೆಗೂಸಿನ ಕೆಳಗೆ ಬಿಗಿಯಾಗಿ ಹಾಸಲು ಬಳಸಬೇಕೇ ಹೊರತು ಮುಖದ ಮೇಲೆ ಸರಿದು ಬರುವಂತೆ ಹೊದಿಸಬಾರದು. ನಿದ್ದೆಯಲ್ಲಿ ಕೂಸಿಗೆ ಉಸಿರುಕಟ್ಟುವ ಅಪಾಯವಿದೆಯೆಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ.

ಮನೆಯಲ್ಲಿ ಹತ್ತಿಯ ಸೀರೆ, ಪಂಚೆ, ಹಾಸಿಗೆಯ ಹೊದಿಕೆಗಳು ಇನ್ನೂ ಉಳಿದಿದ್ದರೆ ಈ ರಜೆಯಲ್ಲಿ ಆರಂಭಿಸಬಹುದು. ಮೂರು ಅಡಿಗೆ ಎರಡೂವರೆ ಅಡಿಯ ಕೂಸಿನ ಕೌದಿಗೆ ಮೇಲಿನ ಲೆಕ್ಕದಂತೆ ಆರೂವರೆ ಸಾವಿರ ಹೊಲಿಗೆ ಸಾಕು. ಹೇಳಿಕೊಡುವ ಅಜ್ಜಿ ಇನ್ನೂ ಸೂಜಿಗೆ ದಾರ ಪೋಣಿಸಬಲ್ಲವರಾಗಿದ್ದರೆ ಅದು ಅದೃಷ್ಟ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳು ಪೋಣಿಸಿಕೊಡಲಿ.

ಹಳೆಯ ಕೌದಿ ಹರಿದಾಗ ಅದನ್ನು ಎಸೆಯುವ ಪದ್ಧತಿಯಿರಲಿಲ್ಲ. ಅದರ ಮೇಲೂ ಕೆಳಗೂ ಹೊಸ ಹೊದಿಕೆ ಹಾಕಿ ಮತ್ತೆ ಹೊಲಿಯುತ್ತಿದ್ದರು. ಅಂಥ ಕೌದಿಯೊಂದರ ಅಂಚು ಬಿಚ್ಚಿ ನೋಡಿದರೆ ಭೂಗರ್ಭದ ಶಿಲಾಪದರಗಳನ್ನು ನೋಡಿದಂತಾಗುತ್ತದೆ. ಮೇಲೆ ಮೊಮ್ಮಗನ ಶಾಲೆಯ ಅಂಗಿ, ಅದರ ಕೆಳಗೆ ಅತ್ತೆಯ ಚೀಟಿ ಸೀರೆ, ಅಜ್ಜನ ಧೋತರ, ಇನ್ನೂ ಕೆಳಗೆ ಬಣ್ಣ ಮಾಸಿದ ಇಳಕಲ್ ಅಂಚು. ಎಲ್ಲಕ್ಕಿಂತ ಒಳಗೆ, ಬೇರೆಯದೇ ದಾರದಲ್ಲಿ, ಬೇರೆಯದೇ ಕೈ ಹಾಕಿದ ಸಣ್ಣ ಸಣ್ಣ ಹೊಲಿಗೆಗಳ ಇನ್ನೊಂದು ಕೌದಿ.