ಹಳೆಯ ಕಾರುಗಳೂ ಹೊಸ ಬಾಂಧವ್ಯವೂ

ನವೆಂಬರ್ ತಿಂಗಳ ಮೊದಲನೆಯ ಭಾನುವಾರ. ಲಂಡನ್ ನಗರದಲ್ಲಿ ಚಳಿ ಮೈ ಕೊರೆಯುತ್ತಿರುತ್ತದೆ. ಸೂರ್ಯೋದಯಕ್ಕೆ ಮುಂಚೆಯೇ ಹೈಡ್ ಪಾರ್ಕ್ ಎಂಬ ವಿಶಾಲ ಉದ್ಯಾನದಲ್ಲಿ ನೂರಾರು ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಅವು ಇಂದಿನ ನುಣುಪಾದ ಕಾರುಗಳಲ್ಲ. ಬಂಡಿಗಾಲಿಯಂತಹ ಮರದ ಚಕ್ರಗಳು, ಹಿತ್ತಾಳೆಯ ದೀಪಗಳು, ತಲೆಯ ಮೇಲೆ ಮಾಡಿಲ್ಲದ ಆಸನಗಳು. ಅವುಗಳಲ್ಲಿ ಒಂದೊಂದೂ 1905ನೆಯ ಇಸವಿಗೆ ಮುನ್ನ ತಯಾರಾದದ್ದು. ಅಜ್ಜ ಹ್ಯಾಂಡಲ್ ತಿರುಗಿಸುತ್ತಾನೆ, ಮಗ ಎಣ್ಣೆ ಹಾಕುತ್ತಾನೆ, ಸೊಸೆ ನಕ್ಷೆ ಹಿಡಿದು ಕೂಡುತ್ತಾಳೆ, ಮೊಮ್ಮಕ್ಕಳು ಹೊದ್ದಿಕೆಯೊಳಗೆ ಮುದುರಿಕೊಂಡಿರುತ್ತಾರೆ. ಹೀಗೆ ಇಡೀ ಕುಟುಂಬಗಳು ಸುಮಾರು 60 ಮೈಲಿ ದೂರದ ಬ್ರೈಟನ್ ಎಂಬ ಕಡಲತೀರದ ಊರಿಗೆ ಹೊರಡುತ್ತವೆ.

ಇದನ್ನು ಕಂಡು ‘ಇದು ಶ್ರೀಮಂತರ ಷೋಕಿಯಲ್ಲವೇ?’ ಎಂದು ಕೇಳುವವರು ಇದ್ದಾರೆ. ನಾವೂ ಮೊದಲು ಹಾಗೆಯೇ ಭಾವಿಸಿದ್ದೆವು. ಆದರೆ ಈ ಬಳಗದ ಹುಟ್ಟು ಬೆಳವಣಿಗೆಗಳನ್ನು ತಿಳಿಯುತ್ತ ಹೋದಂತೆ ನಮ್ಮ ಅಭಿಪ್ರಾಯ ಬದಲಾಯಿತು. ಒಂದು ಸಂಘವನ್ನು ಕಟ್ಟುವುದು ಸುಲಭ, ಅದನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬರುವುದು ಕಷ್ಟ. ಕಾರುಪ್ರಿಯರ ಈ ಕೂಟವು ಒಂದು ಶತಮಾನದ ಹತ್ತಿರಕ್ಕೆ ಬಂದು ನಿಂತಿರುವುದು ಹೇಗೆ? ಆ ಗುಟ್ಟನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕೆಂಪು ಬಾವುಟದ ಕಾಲ

ಇಂಗ್ಲೆಂಡಿನಲ್ಲಿ 1865ರಲ್ಲಿ ಒಂದು ವಿಚಿತ್ರ ಕಾನೂನು ಜಾರಿಗೆ ಬಂದಿತು. ಯಂತ್ರಬಲದಿಂದ ಓಡುವ ಯಾವುದೇ ಗಾಡಿಯು ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿ ವೇಗವನ್ನು ಮೀರುವಂತಿರಲಿಲ್ಲ. ಅಷ್ಟು ಸಾಲದೆಂದು, ಗಾಡಿಯ ಮುಂದೆ 60 ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ಮುಂದೆ 1878ರಲ್ಲಿ ಬಾವುಟದ ಕಡ್ಡಾಯ ಹೋಯಿತಾದರೂ ಮುಂದೆ ನಡೆಯುವ ಮನುಷ್ಯ ಉಳಿದೇ ಉಳಿದ.

ಈ ನಿರ್ಬಂಧಗಳನ್ನು ತೆಗೆದುಹಾಕಿ, ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ ಹೊಸ ಕಾನೂನು 1896ರ ನವೆಂಬರ್ 14ರಂದು ಜಾರಿಗೆ ಬಂದಿತು. ಆ ದಿನವೇ ಹ್ಯಾರಿ ಲಾಸನ್ ಎಂಬ ಉದ್ಯಮಿಯ ಮುಂದಾಳುತನದಲ್ಲಿ ಕಾರುಗಳು ಲಂಡನ್ನಿನಿಂದ ಬ್ರೈಟನ್ನಿಗೆ ಹೊರಟವು. ಅದನ್ನು ‘ಬಿಡುಗಡೆಯ ಓಟ’ ಎಂದು ಕರೆದರು. ದಾರಿಯುದ್ದಕ್ಕೂ ಮಳೆ, ಕೆಸರು. ಹೊರಟ ಗಾಡಿಗಳೆಲ್ಲ ಊರು ಮುಟ್ಟಲಿಲ್ಲ. ಮುಟ್ಟಿದವುಗಳಲ್ಲಿ ಒಂದನ್ನು ಗುಟ್ಟಾಗಿ ರೈಲಿನಲ್ಲಿ ಸಾಗಿಸಿ, ಬ್ರೈಟನ್ನಿನ ಹೊರವಲಯದಲ್ಲಿ ಕೆಳಗಿಳಿಸಿ, ದೂರದಿಂದ ಓಡಿಬಂದಂತೆ ತೋರಲೆಂದು ಮೈಗೆಲ್ಲ ಕೆಸರು ಬಳಿದಿದ್ದರು ಎಂಬ ಮಾತು ಇಂದಿಗೂ ಜನರ ಬಾಯಲ್ಲಿ ಉಳಿದಿದೆ. ಅದು ನಿಜವೋ ಕಟ್ಟುಕಥೆಯೋ, ಒಂದು ಎಚ್ಚರಿಕೆಯನ್ನಂತೂ ಹೇಳುತ್ತದೆ. ಮೆಚ್ಚುಗೆಯ ಆಸೆ ಇದ್ದಲ್ಲಿ ಮೋಸದ ಆಸೆಯೂ ಬೆನ್ನಟ್ಟಿ ಬರುತ್ತದೆ.

ಮುಂದೆ ಮೂವತ್ತು ವರ್ಷಗಳಲ್ಲಿ ಹೊಸ ಹೊಸ ಕಾರುಗಳು ಬಂದವು. ಹಳೆಯವು ಕೊಟ್ಟಿಗೆ ಸೇರಿದವು, ಗುಜರಿ ಸೇರಿದವು. ಕಡೆಗೆ 1927ರಲ್ಲಿ ಆ ಹಳೆಯ ಓಟವನ್ನು ಮತ್ತೆ ನಡೆಸಿದಾಗ ಜನ ಅದನ್ನು ‘ಮುದಿ ಡಬ್ಬಾಗಳ ಓಟ’ ಎಂದು ಗೇಲಿ ಮಾಡಿದರು. ಗೇಲಿ ಮಾಡಿದವರು ಮರೆತುಹೋದರು, ಓಟ ಉಳಿಯಿತು. ಯುದ್ಧದ ವರ್ಷಗಳಂತಹ ಕೆಲವು ಅನಿವಾರ್ಯ ಸಂದರ್ಭಗಳನ್ನು ಬಿಟ್ಟರೆ ಅದು ನಿಂತದ್ದಿಲ್ಲ.

ಸತ್ಯವೇ ಸಂಘದ ಮೂಲಧನ

ಈ ಉತ್ಸಾಹಕ್ಕೆ ಒಂದು ಶಿಸ್ತು ಬಂದದ್ದು 1930ರಲ್ಲಿ. ಆ ವರ್ಷ ‘ವೆಟರನ್ ಕಾರ್ ಕ್ಲಬ್’ ಎಂಬ ಸಂಘ ಹುಟ್ಟಿತು. ಸಂಘವು ಬಹುಬೇಗ ಒಂದು ತೊಡಕನ್ನು ಎದುರಿಸಬೇಕಾಯಿತು. ನನ್ನ ಕಾರು 1903ರದು ಎಂದು ಒಬ್ಬರು ಹೇಳುತ್ತಾರೆ. ಅಲ್ಲ, ಅದು 1906ರದು ಎಂದು ಇನ್ನೊಬ್ಬರು ವಾದಿಸುತ್ತಾರೆ. ಎರಡು ಮೂರು ವರ್ಷಗಳ ಈ ಅಂತರ ಸಣ್ಣದಲ್ಲ. ಓಟದಲ್ಲಿ ಸೇರುವ ಅರ್ಹತೆ, ಕಾರಿನ ಬೆಲೆ, ಒಡೆಯನ ಮಾನ ಎಲ್ಲವೂ ಅದರ ಮೇಲೆ ನಿಂತಿವೆ.

ಇದಕ್ಕೆ ಸಂಘ ಕಂಡುಕೊಂಡ ದಾರಿ ಮಾದರಿಯಾದುದು. ಕಾಲನಿರ್ಣಯ ಮಾಡುವುದಕ್ಕೆಂದೇ ಬಲ್ಲವರ ಒಂದು ಸಮಿತಿಯನ್ನು ನೇಮಿಸಲಾಯಿತು. ಎಂಜಿನ್ನಿನ ಮೇಲಿನ ಅಂಕಿ, ಚಾಸಿಯ ರಚನೆ, ಕಾರ್ಖಾನೆಯ ಹಳೆಯ ದಾಖಲೆ, ಆ ಕಾಲದ ಜಾಹೀರಾತು, ಹಳೆಯ ಛಾಯಾಚಿತ್ರ ಇವೆಲ್ಲವನ್ನೂ ಒರೆಗೆ ಹಚ್ಚಿ ಪ್ರಮಾಣಪತ್ರ ನೀಡುವ ಪದ್ಧತಿ ಬೆಳೆಯಿತು. ತಾನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಕಾರು ತಾನು ನಂಬಿದಷ್ಟು ಹಳೆಯದಲ್ಲ ಎಂದು ಕೇಳುವುದು ಯಾರಿಗಾದರೂ ನೋವಿನ ಸಂಗತಿಯೇ. ಆದರೂ ಆ ತೀರ್ಪಿಗೆ ತಲೆಬಾಗುವ ಮನಸ್ಸು ಸದಸ್ಯರಲ್ಲಿ ಇದ್ದುದರಿಂದಲೇ ಸಂಘ ಉಳಿಯಿತು. ಸ್ನೇಹಕ್ಕಾಗಿ ಸುಳ್ಳನ್ನು ಒಪ್ಪಿಕೊಂಡ ಸಂಘದಲ್ಲಿ ಕಡೆಗೆ ಸ್ನೇಹವೂ ಉಳಿಯುವುದಿಲ್ಲ.

ಹಂಚಿದಷ್ಟೂ ಬೆಳೆಯುವ ವಿದ್ಯೆ

ಹಳೆಯ ಕಾರನ್ನು ಇಟ್ಟುಕೊಂಡವನಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ತಿಳಿವಳಿಕೆ. ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವ ಸಾಮಾನ್ಯ ಕೆಲಸವನ್ನೇ ನೋಡಿ. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಬಳಸದೆ, ಉಳಿದ ಬೆರಳುಗಳ ಬದಿಗೇ ಇರಿಸಿಕೊಳ್ಳಬೇಕು. ಇಲ್ಲವಾದರೆ ಎಂಜಿನ್ ಹಿಮ್ಮುಖವಾಗಿ ಒದ್ದಾಗ ಬೆರಳೋ ಮಣಿಕಟ್ಟೋ ಮುರಿಯುವುದುಂಟು. ಇಂತಹ ವಿದ್ಯೆ ಪುಸ್ತಕ ಓದಿದ ಮಾತ್ರಕ್ಕೆ ಬರುವಂಥದಲ್ಲ. ಬಲ್ಲವರು ಪಕ್ಕದಲ್ಲಿ ನಿಂತು ಕೈ ಹಿಡಿದು ಕಲಿಸಬೇಕು.

ಸಂಘಶಕ್ತಿ ಏನೆಂಬುದಕ್ಕೆ ಇನ್ನೊಂದು ಉದಾಹರಣೆ ಉಂಟು. ಹಿಂದೆ ಪೆಟ್ರೋಲಿಗೆ ಸೀಸವನ್ನು ಬೆರೆಸುತ್ತಿದ್ದರು. ಅದು ಮಕ್ಕಳ ಮಿದುಳಿಗೆ ವಿಷವೆಂದು ಖಚಿತವಾದ ಮೇಲೆ ದೇಶಗಳು ಒಂದೊಂದಾಗಿ ಅದನ್ನು ಕೈಬಿಟ್ಟವು. ಬ್ರಿಟನ್ನಿನಲ್ಲಿ 1999ರ ಕೊನೆಗೆ, ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಂತಿತು. ಲೋಕಕ್ಕೆ ಅದು ಹಿತವೇ. ಆದರೆ ಹಳೆಯ ಎಂಜಿನ್ನುಗಳ ಕವಾಟಗಳು ಕೂಡುವ ಜಾಗವು ಸವೆಯದಂತೆ ಕಾಯುತ್ತಿದ್ದುದು ಆ ಸೀಸವೇ. ಪೇಟೆಗೆ ಬಗೆಬಗೆಯ ಬದಲಿ ದ್ರವಗಳು ಬಂದವು. ಯಾವುದನ್ನು ನಂಬುವುದು? ಒಬ್ಬೊಬ್ಬ ಒಡೆಯನೂ ಪರೀಕ್ಷಿಸಲು ಹೊರಟಿದ್ದರೆ ಎಷ್ಟು ಎಂಜಿನ್ನುಗಳು ಹಾಳಾಗುತ್ತಿದ್ದವೋ! ಆಗ ಅಲ್ಲಿಯ ಹಳೆಯ ವಾಹನ ಸಂಘಗಳ ಒಕ್ಕೂಟವೇ ಮುಂದೆ ಬಂದು, ಆ ದ್ರವಗಳನ್ನು ವೈಜ್ಞಾನಿಕ ಪರೀಕ್ಷೆಗೆ ಒಳಪಡಿಸಿ, ಯೋಗ್ಯವಾದುವನ್ನು ಗುರುತಿಸಿ ಎಲ್ಲರಿಗೂ ತಿಳಿಸಿತು. ಒಬ್ಬರಿಂದಾಗದ ಕೆಲಸ ಹತ್ತು ಜನ ಕೂಡಿದಾಗ ಆಗುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಎಂಬ ನಮ್ಮ ಹಿರಿಯರ ಮಾತು ಎಲ್ಲ ದೇಶಗಳಿಗೂ ಸಲ್ಲುತ್ತದೆ.

ಪಂದ್ಯವಲ್ಲ, ಪಯಣ

ಬ್ರೈಟನ್ ಓಟದ ಬಹುದೊಡ್ಡ ವಿಶೇಷವೆಂದರೆ ಅದು ಪಂದ್ಯವಲ್ಲ. ಮೊದಲು ಬಂದವನಿಗೆ ಬಹುಮಾನವಿಲ್ಲ, ಯಾರು ಎಷ್ಟನೆಯವರಾಗಿ ಬಂದರೆಂಬ ಪಟ್ಟಿಯನ್ನೂ ಪ್ರಕಟಿಸುವುದಿಲ್ಲ. ಸಂಜೆ ನಾಲ್ಕೂವರೆಯೊಳಗೆ ಊರು ಮುಟ್ಟಿದ ಎಲ್ಲರಿಗೂ ಒಂದೇ ಬಗೆಯ ಪದಕ. ದಾರಿಯಲ್ಲಿ ಒಬ್ಬರ ಗಾಡಿ ಕೆಟ್ಟರೆ ಹಿಂದೆ ಬರುವವರು ನಿಂತು ನೆರವಾಗಬಹುದು. ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಈ ತತ್ತ್ವವನ್ನು ಮರೆತರೆ ಏನಾಗುತ್ತದೆ ಎಂಬುದನ್ನು 1953ರಲ್ಲಿ ತೆರೆಕಂಡ ‘ಜೆನೆವೀವ್’ ಎಂಬ ಇಂಗ್ಲಿಷ್ ಚಲನಚಿತ್ರ ನಗೆಯ ಮೂಲಕವೇ ತೋರಿಸಿಕೊಟ್ಟಿದೆ. ಜೆನೆವೀವ್ ಎಂಬುದು 1904ರ ಡರಾಕ್ ಕಾರಿನ ಮುದ್ದಿನ ಹೆಸರು. ಅದರ ಒಡೆಯನಾದ ತರುಣನೂ ಅವನ ಗೆಳೆಯನೂ ಬ್ರೈಟನ್ನಿನಿಂದ ಹಿಂದಿರುಗುವಾಗ ಲಂಡನ್ನಿನ ಸೇತುವೆಯನ್ನು ಯಾರು ಮೊದಲು ದಾಟುವರೆಂದು 100 ಪೌಂಡುಗಳ ಬಾಜಿ ಕಟ್ಟುತ್ತಾರೆ. ಹಟ ಏರಿದಂತೆ ಸ್ನೇಹ ಕೆಡುತ್ತದೆ, ಒಬ್ಬರ ಗಾಡಿಯನ್ನು ಇನ್ನೊಬ್ಬರು ಕೆಡಿಸುವ ಮಟ್ಟಕ್ಕೂ ಇಳಿಯುತ್ತಾರೆ. ಜೊತೆಗೆ ಬಂದ ಹೆಣ್ಣುಮಕ್ಕಳು ಬೇಸತ್ತು ಹೋಗುತ್ತಾರೆ.

ಗೆಲುವು ಇನ್ನೇನು ಹತ್ತಿರವೆನ್ನುವಾಗ ಒಬ್ಬ ವೃದ್ಧರು ಜೆನೆವೀವ್ ಕಾರಿನ ಬಳಿಗೆ ಬರುತ್ತಾರೆ. ತಮ್ಮ ಯೌವನದಲ್ಲಿ ತಮ್ಮ ಬಳಿಯೂ ಇಂತಹುದೇ ಕಾರು ಇತ್ತೆಂದು ಹೆಂಡತಿಯ ನೆನಪಿನೊಡನೆ ಹೇಳತೊಡಗುತ್ತಾರೆ. ಒಂದೊಂದು ನಿಮಿಷವೂ ಅಮೂಲ್ಯವಾಗಿರುವ ಆ ಹೊತ್ತಿನಲ್ಲಿ ತರುಣನು ಅವರ ಮಾತನ್ನು ಕಡಿದು ಹೊರಟುಬಿಡುವುದಿಲ್ಲ. ನಿಂತು ಕೇಳುತ್ತಾನೆ, ಅವರನ್ನು ಕಾರಿನಲ್ಲಿ ಸುತ್ತಾಡಿಸುವ ಮಾತು ಕೊಡುತ್ತಾನೆ. ಬಾಜಿ ಯಾರು ಗೆದ್ದರೆಂಬುದು ಆ ಗಳಿಗೆಯ ನಂತರ ಮುಖ್ಯವಾಗಿ ಉಳಿಯುವುದಿಲ್ಲ. ಕಾರಿನ ಮೇಲಿನ ಹುಚ್ಚು ಮನುಷ್ಯರ ಮೇಲಿನ ಪ್ರೀತಿಯಾಗಿ ಮಾರ್ಪಟ್ಟ ಗಳಿಗೆ ಅದು.

ನಮ್ಮ ನಾಡಿನಲ್ಲಿ

ಭಾರತದಲ್ಲಿಯೂ ಈ ಅಭಿರುಚಿ ಹೊಸದಲ್ಲ. ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯು 1964ರಲ್ಲಿ ದೆಹಲಿಯಲ್ಲಿ ಹಳೆಯ ಕಾರುಗಳ ರ‍್ಯಾಲಿಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಧರ್ಮಸ್ಥಳಕ್ಕೆ ಹೋದ ಯಾತ್ರಿಕರು ಅಲ್ಲಿಯ ಹಳೆಯ ಕಾರುಗಳ ಸಂಗ್ರಹಾಲಯವನ್ನು ಕಂಡಿರಬಹುದು.

ಕಾನೂನೂ ಈಗ ಇವುಗಳಿಗೆ ಒಂದು ಸ್ಥಾನ ಕೊಟ್ಟಿದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮದಂತೆ, 50 ವರ್ಷ ಮೀರಿದ, ಮೂಲ ಸ್ವರೂಪವನ್ನು ಉಳಿಸಿಕೊಂಡಿರುವ ಖಾಸಗಿ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಸಂಖ್ಯಾಫಲಕದಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ. ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದ ಕಾರ್ಯಗಳಿಗೆ ಓಡಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.

ಆದರೆ ನಮಗೆ ಚಿಂತೆ ಇರುವುದು ಅರಮನೆಯ ಕಾರುಗಳ ಬಗ್ಗೆ ಅಲ್ಲ. ಅವನ್ನು ಕಾಪಾಡುವವರು ಇದ್ದಾರೆ. ನಮ್ಮ ತಂದೆ ತಾಯಿಗಳ ಕಾಲದ ಸಾಮಾನ್ಯ ಕಾರುಗಳ ಗತಿಯೇನು? ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ನಮ್ಮ ದೇಶಕ್ಕೆ ಒಂದು ಮೋಟಾರು ಕಾರ್ಖಾನೆ ಬೇಕೆಂದು ಹಗಲಿರುಳು ಶ್ರಮಿಸಿದರು. ಆ ಯತ್ನದಲ್ಲಿ ಜೊತೆಯಾಗಿದ್ದ ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪನಿಯಿಂದಲೇ ಮುಂದೆ ಫಿಯೆಟ್, ಪದ್ಮಿನಿ ಕಾರುಗಳು ಬಂದವು. ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮರೆಯಾದವು. ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿಯೇ ನಿಂತಿತು. ಮದುವೆಯ ದಿಬ್ಬಣಕ್ಕೆ, ಹೆರಿಗೆಯ ಆಸ್ಪತ್ರೆಗೆ, ಜಾತ್ರೆಗೆ, ಕಡೆಗೆ ಹಿರಿಯರ ಅಂತ್ಯಯಾತ್ರೆಗೂ ನಮ್ಮನ್ನು ಹೊತ್ತು ತಿರುಗಿದ ಗಾಡಿಗಳು ಇವು.

ಕಾರುಗಳು ಹೋದರೆ ಹೋಗಲಿ ಎನ್ನಬಹುದು. ಆದರೆ ಅವುಗಳ ಜೊತೆಗೆ ಒಂದು ವಿದ್ಯೆಯೂ ಹೋಗುತ್ತಿದೆ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಗ್ಯಾರೇಜಿನ ಮೇಸ್ತ್ರಿ, ಸಿಗದ ಬಿಡಿಭಾಗವನ್ನು ತನ್ನ ಕೈಯಿಂದಲೇ ಕಡೆದು ಕೂಡಿಸುತ್ತಿದ್ದ ಲೇತು ಕೆಲಸಗಾರ, ಮೂವತ್ತು ವರ್ಷ ಅಪಘಾತವಿಲ್ಲದೆ ಗಾಡಿ ಓಡಿಸಿದ ಚಾಲಕ ಇವರೆಲ್ಲ ಇಂದು ವೃದ್ಧರು. ಅವರನ್ನು ಕೇಳುವವರಿಲ್ಲ. ಅವರು ಕಣ್ಣು ಮುಚ್ಚಿದ ದಿನ ಆ ವಿದ್ಯೆಯೂ ಕಣ್ಣು ಮುಚ್ಚುತ್ತದೆ.

ಮನೆಮಂದಿಯ ಪಾಲು

ಕಾರೆಂದರೆ ಪ್ರಾಣ ಬಿಡುವ ಹುಡುಗರು ಇಂದು ಪ್ರತಿ ಮನೆಯಲ್ಲಿದ್ದಾರೆ. ಅವರ ಉತ್ಸಾಹ ಯಾವ ಕಡೆಗೆ ಹರಿಯುತ್ತದೆ ಎಂಬುದು ಹೆತ್ತವರ ಎದೆಯನ್ನು ನಡುಗಿಸುವ ಪ್ರಶ್ನೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ತೆತ್ತರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವಾಗಿತ್ತು. ‘ಕಾರಿನ ಸಹವಾಸ ಬೇಡ’ ಎಂದು ಗದರಿಸಿದ ಮಾತ್ರಕ್ಕೆ ಹುಡುಗರು ಕೇಳುವುದಿಲ್ಲ. ಆ ಪ್ರೀತಿಗೆ ಒಂದು ಒಳ್ಳೆಯ ದಾರಿಯನ್ನು ತೋರಿಸಬೇಕು. ಯಂತ್ರವನ್ನು ಬಿಚ್ಚಿ ಜೋಡಿಸಲು ಕಲಿತವನು, ಒಂದು ಬ್ರೇಕನ್ನು ಸರಿಪಡಿಸಲು ಮೂರು ದಿನ ಬೆವರು ಸುರಿಸಿದವನು, ಅದನ್ನು ಹುಚ್ಚುವೇಗದಲ್ಲಿ ಓಡಿಸುವ ಮುನ್ನ ಎರಡು ಬಾರಿ ಯೋಚಿಸುತ್ತಾನೆ ಎಂಬುದು ನಮ್ಮ ನಂಬಿಕೆ.

ತಾಲ್ಲೂಕಿಗೊಂದಾದರೂ ಇಂತಹ ಬಳಗವನ್ನು ಕಟ್ಟುವುದು ಅಸಾಧ್ಯವೇನಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಏಳು ಜನ ಕೂಡಿದರೆ ಒಂದು ಸಂಘವನ್ನು ನೋಂದಾಯಿಸಬಹುದು. ಸ್ವಂತ ಕಾರಿಲ್ಲದವರಿಗೂ ಅದರಲ್ಲಿ ಸಮಾನ ಸ್ಥಾನವಿರಲಿ. ಯಾರ ಮನೆಯಲ್ಲಿ ಯಾವ ಗಾಡಿ ಇದೆ, ಯಾವ ಬಿಡಿಭಾಗ ಯಾರಲ್ಲಿ ಸಿಗುತ್ತದೆ ಎಂಬುದಕ್ಕೆ ಒಂದು ದಫ್ತರ ಇರಲಿ. ಲೆಕ್ಕಪತ್ರ ವರ್ಷಕ್ಕೊಮ್ಮೆ ಎಲ್ಲರ ಮುಂದೆ ತೆರೆಯಲಿ. ತಿಂಗಳಿಗೊಮ್ಮೆ ಊರಿನ ಹಿರಿಯ ಮೇಸ್ತ್ರಿಯನ್ನು ಕರೆತಂದು, ಶಾಲು ಹೊದಿಸಿ ಕಳುಹಿಸಿಬಿಡದೆ, ಮಕ್ಕಳನ್ನು ಅವರ ಪಕ್ಕದಲ್ಲಿ ಕೂಡಿಸಿ ಕೆಲಸ ಕಲಿಸುವ ಏರ್ಪಾಡಾಗಲಿ. ಹೆಣ್ಣುಮಕ್ಕಳನ್ನು ತಿಂಡಿ ಬಡಿಸುವುದಕ್ಕೆ ಮೀಸಲಿಡದೆ ಅವರ ಕೈಗೂ ಪಾನೆ ಕೊಡಲಿ. 1888ರಲ್ಲಿ ಜರ್ಮನಿಯಲ್ಲಿ ಮೊಟ್ಟಮೊದಲ ದೂರಪ್ರಯಾಣವನ್ನು ಕಾರಿನಲ್ಲಿ ಕೈಗೊಂಡು, ಕಟ್ಟಿಕೊಂಡ ಇಂಧನದ ಕೊಳವೆಯನ್ನು ತನ್ನ ಟೋಪಿಯ ಪಿನ್ನಿನಿಂದಲೇ ಬಿಡಿಸಿದವಳು ಇಬ್ಬರು ಗಂಡುಮಕ್ಕಳೊಡನೆ ಹೊರಟಿದ್ದ ಒಬ್ಬ ತಾಯಿ, ಬರ್ತಾ ಬೆಂಜ್.

ಹಳೆಯ ಕಾರನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಮುಂದಿನ ಬಾರಿ ನಮ್ಮ ವಾಹನವನ್ನು ದುರಸ್ತಿಗೆ ಒಯ್ದಾಗ, ಗ್ಯಾರೇಜಿನ ಮೂಲೆಯಲ್ಲಿ ಕುಳಿತ ಹಿರಿಯ ಮೇಸ್ತ್ರಿಯನ್ನು ‘ಯಜಮಾನರೇ, ನಿಮ್ಮ ಕಾಲದಲ್ಲಿ ಇದನ್ನು ಹೇಗೆ ಮಾಡುತ್ತಿದ್ದಿರಿ?’ ಎಂದು ನಮ್ಮ ಮಗನಿಂದಲೋ ಮಗಳಿಂದಲೋ ಕೇಳಿಸೋಣ. ಕೇಳಿದ ಮೇಲೆ ಗಡಿಯಾರ ನೋಡದೆ ನಿಂತು ಆಲಿಸೋಣ. ಬಳಗ ಕಟ್ಟುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.